ಸಂಬಳದ ಲೆಕ್ಕ, ಸದನದ ಒಪ್ಪಿಗೆ

ಕರ್ನಾಟಕ ಸರ್ಕಾರ 2024ರ ಆಗಸ್ಟ್ 1ರಿಂದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸುಗಳನ್ನು ಜಾರಿಗೆ ತಂದಾಗ, ಅದರಿಂದ ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚುವರಿ ವೆಚ್ಚ ತಗಲುತ್ತದೆ ಎಂದು ಪ್ರಕಟಿಸಿತು. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಆ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಗಿ, 2024ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತ್ತು. ನೌಕರರು ಆ ಅಂಕಿಯನ್ನು ತಮಗೆ ಬಹುಕಾಲದಿಂದ ಬರಬೇಕಾಗಿದ್ದ ಹಣವೆಂದು ಓದಿದರೆ, ಬೇರೆ ಕೆಲವರು ಅದನ್ನು ತೆರಿಗೆದಾರರ ತಲೆಯ ಮೇಲಿನ ಭಾರವೆಂದು ಓದಿದರು. ಅಂಥ ಮೊತ್ತವೊಂದು ಸಚಿವ ಸಂಪುಟದ ತೀರ್ಮಾನದಿಂದ ಹೊರಟು ಹಳ್ಳಿಯ ಶಾಲೆಯ ಶಿಕ್ಷಕಿಯ ಬ್ಯಾಂಕ್ ಖಾತೆಯನ್ನು ತಲುಪುವುದು ಹೇಗೆ, ನಡುವೆ ಯಾರ ಒಪ್ಪಿಗೆ ಬೇಕು, ಖರ್ಚಾದ ಮೇಲೆ ಅದರ ಲೆಕ್ಕವನ್ನು ಯಾರು ಯಾರ ಮುಂದೆ ಇಡಬೇಕು ಎಂಬ ವಿಚಾರ ಮಾತ್ರ ಸಾರ್ವಜನಿಕ ಚರ್ಚೆಗೆ ಅಪರೂಪವಾಗಿ ಬರುತ್ತದೆ. ಸರ್ಕಾರದ ಎಲ್ಲ ವೆಚ್ಚಗಳಲ್ಲಿ ಸಂಬಳ ಅತ್ಯಂತ ನಿಖರವಾಗಿ ದಾಖಲಾಗುವ ವೆಚ್ಚ. ಹಾಗಿದ್ದೂ, ಸರ್ಕಾರ ಎಷ್ಟು ಜನರ ದುಡಿಮೆಗೆ ಎಷ್ಟು ಕೊಡುತ್ತಿದೆ ಎಂಬುದನ್ನು ಆ ಒಂದು ಸಾಲಿನ ಅಂಕಿಯಿಂದ ತಿಳಿಯಲಾಗದು ಎಂಬುದೇ ಈ ವಿಷಯದ ತಿರುಳು.

ಮೊದಲು ಆ ಹೆಚ್ಚಳದ ಒಳಗಿನ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಹಳೆಯ ವೇತನ ಶ್ರೇಣಿಯ ಕನಿಷ್ಠ ಮೂಲವೇತನ 17,000 ರೂಪಾಯಿ ಇದ್ದುದು ಹೊಸ ಶ್ರೇಣಿಯಲ್ಲಿ 27,000 ಆಯಿತು. ಮೇಲ್ನೋಟಕ್ಕೆ ಇದು ಹತ್ತು ಸಾವಿರದ ಏರಿಕೆ. ಆದರೆ 2022ರ ಜುಲೈ 1ರಂದು ಇದ್ದ ಶೇ. 31ರ ತುಟ್ಟಿಭತ್ಯೆಯನ್ನು, ಅಂದರೆ ಬೆಲೆ ಏರಿಕೆಗೆ ಪರಿಹಾರವಾಗಿ ಮೂಲವೇತನದ ಮೇಲೆ ಕೊಡುವ ಭತ್ಯೆಯನ್ನು, ಮೂಲವೇತನದಲ್ಲೇ ವಿಲೀನಗೊಳಿಸಿದಾಗ 5,270 ರೂಪಾಯಿ ಸೇರಿತು. ಅದು ನೌಕರರ ಕೈಗೆ ಬೇರೆ ಹೆಸರಿನಲ್ಲಿ ಆಗಲೇ ಬರುತ್ತಿದ್ದ ಹಣ. ಅದರ ಮೇಲೆ ಶೇ. 27.5ರ ಫಿಟ್‌ಮೆಂಟ್, ಅಂದರೆ ಹೊಸ ಶ್ರೇಣಿಗೆ ಹೊಂದಿಸುವಾಗ ಕೊಡುವ ನಿಜವಾದ ಹೆಚ್ಚಳ, 4,675 ರೂಪಾಯಿ. ಮೂರನ್ನೂ ಕೂಡಿದರೆ 26,945. ಅದನ್ನು ಪೂರ್ಣಗೊಳಿಸಿದಾಗ 27,000. ಇದಲ್ಲದೆ 2023ರ ಏಪ್ರಿಲ್‌ನಿಂದಲೇ ಶೇ. 17ರ ಮಧ್ಯಂತರ ಪರಿಹಾರ ಸಂದಾಯವಾಗುತ್ತಿದ್ದುದರಿಂದ ಹೊಸ ವೇತನದ ಒಂದು ಭಾಗ ಹಿಂದಿನ ವರ್ಷದ ಲೆಕ್ಕದಲ್ಲೇ ಬಂದುಹೋಗಿತ್ತು. ಪರಿಷ್ಕರಣೆ 2022ರ ಜುಲೈ 1ರಿಂದ ಕಾಲ್ಪನಿಕವಾಗಿ, ಅಂದರೆ ವೇತನ ನಿಗದಿಯ ಲೆಕ್ಕಾಚಾರಕ್ಕೆ ಮಾತ್ರ, ಅನ್ವಯವಾಗಿ ಹಣ ಮಾತ್ರ 2024ರ ಆಗಸ್ಟ್‌ನಿಂದ ಸಂದಾಯವಾದ ಕಾರಣ, ನಡುವಿನ ಎರಡು ವರ್ಷಗಳ ಬಾಕಿ ಯಾವ ಲೆಕ್ಕಕ್ಕೂ ಬರಲಿಲ್ಲ. ಹಾಗೆಯೇ, ವರ್ಷದ ನಡುವೆ ಜಾರಿಯಾದ್ದರಿಂದ 2024-25ರ ಲೆಕ್ಕಕ್ಕೆ 20,208 ಕೋಟಿಯ ಪೂರ್ಣ ಹೊರೆಯೂ ಬೀಳಲಿಲ್ಲ. ಒಂದೇ ಆದೇಶಕ್ಕೆ ಸಂಬಂಧಿಸಿದಂತೆ ಘೋಷಣೆಯ ಅಂಕಿ, ನೌಕರರ ಕೈಗೆ ಬರುವ ಅಂಕಿ ಮತ್ತು ವರ್ಷದ ಲೆಕ್ಕದ ಅಂಕಿ ಮೂರೂ ಬೇರೆಬೇರೆಯಾಗಿರುವುದು ಇಲ್ಲಿ ಎದ್ದು ಕಾಣುತ್ತದೆ.

ಸಂಪುಟದ ತೀರ್ಮಾನ ಮತ್ತು ಸರ್ಕಾರಿ ಆದೇಶ ಎರಡೂ ಇದ್ದರೂ ಸಂಬಳ ಕೊಡಲು ಅವಷ್ಟೇ ಸಾಲವು. ಸಂವಿಧಾನದ 266ನೆಯ ವಿಧಿಯಂತೆ ರಾಜ್ಯದ ತೆರಿಗೆ, ಶುಲ್ಕ, ಸಾಲ ಮುಂತಾದ ಎಲ್ಲ ಸ್ವೀಕೃತಿಗಳೂ ರಾಜ್ಯದ ಸಂಚಿತ ನಿಧಿಗೆ ಸೇರುತ್ತವೆ. ಕಾನೂನಿನ ಅನುಮತಿ ಇಲ್ಲದೆ ಆ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಅನುಮತಿ ದೊರೆಯುವ ಕ್ರಮವನ್ನು 202ರಿಂದ 206ರವರೆಗಿನ ವಿಧಿಗಳು ಹೇಳುತ್ತವೆ. ಮೊದಲು ಸರ್ಕಾರ ವಾರ್ಷಿಕ ಹಣಕಾಸು ವಿವರಣಾ ಪತ್ರವನ್ನು, ಅಂದರೆ ಜನ ಬಜೆಟ್ ಎಂದು ಕರೆಯುವ ಆಯವ್ಯಯವನ್ನು, ಸದನದ ಮುಂದಿಡುತ್ತದೆ. ಬಳಿಕ ಇಲಾಖಾವಾರು ವೆಚ್ಚವನ್ನು ಅನುದಾನದ ಬೇಡಿಕೆಗಳಾಗಿ ವಿಧಾನಸಭೆಯ ಮತಕ್ಕೆ ಒಪ್ಪಿಸುತ್ತದೆ. ಕೊನೆಗೆ ಒಪ್ಪಿದ ಮೊತ್ತಗಳನ್ನೆಲ್ಲ ಸೇರಿಸಿ ಧನವಿನಿಯೋಗ ವಿಧೇಯಕವನ್ನು ಮಂಡಿಸಲಾಗುತ್ತದೆ. ಕರ್ನಾಟಕದಲ್ಲಿ ಇಂಥ 29 ಬೇಡಿಕೆಗಳಿವೆ. ಆಯವ್ಯಯ ಭಾಷಣದ ಮರುದಿನ ಪತ್ರಿಕೆಗಳ ಪುಟ ತುಂಬುವುದು ಯೋಜನೆಗಳ ಘೋಷಣೆಗಳಾದರೂ, ವರ್ಷವಿಡೀ ಖಜಾನೆಯ ಬಾಗಿಲು ತೆರೆಯುವ ಅಧಿಕಾರ ಇರುವುದು ಹೆಚ್ಚು ಸುದ್ದಿಯಾಗದ ಧನವಿನಿಯೋಗ ಅಧಿನಿಯಮಕ್ಕೆ.

ಆಯವ್ಯಯ ಗ್ರಂಥಗಳಲ್ಲಿ ವೆಚ್ಚ ಎರಡು ಬಗೆಯಾಗಿ ಕಾಣುತ್ತದೆ. ಸದನದ ಮತದಿಂದ ಒಪ್ಪಿಗೆ ಪಡೆಯುವ ವೆಚ್ಚ ಪುರಸ್ಕೃತ. ಮತಕ್ಕೆ ಹಾಕದೆಯೇ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುವಂತೆ ಸಂವಿಧಾನವೇ ಗೊತ್ತುಪಡಿಸಿದ ವೆಚ್ಚ ಪ್ರಭೃತ. ರಾಜ್ಯಪಾಲರ ಉಪಲಬ್ಧಿಗಳು, ವಿಧಾನಸಭೆಯ ಅಧ್ಯಕ್ಷರು ಹಾಗೂ ಉಪಾಧ್ಯಕ್ಷರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸಾಲದ ಬಡ್ಡಿ, ನ್ಯಾಯಾಲಯದ ತೀರ್ಪಿನಂತೆ ಕೊಡಬೇಕಾದ ಮೊತ್ತ ಇವೆಲ್ಲ ಎರಡನೆಯ ಬಗೆಗೆ ಸೇರಿದವು. ಆಡಳಿತ ಪಕ್ಷಕ್ಕೆ ಹಿತವೆನಿಸದ ತೀರ್ಪು ಕೊಟ್ಟ ನ್ಯಾಯಮೂರ್ತಿಗಳ ಸಂಬಳಕ್ಕೆ ಸದನದ ಬಹುಮತ ಕತ್ತರಿ ಹಾಕದಂತೆ ತಡೆಯುವುದೇ ಈ ವಿಂಗಡಣೆಯ ಹಿಂದಿನ ವಿವೇಕ. ನ್ಯಾಯಮೂರ್ತಿಗಳ ಪಿಂಚಣಿಯನ್ನಂತೂ ಸಂವಿಧಾನ ರಾಜ್ಯದ ಕೈಗೇ ಕೊಡದೆ ಭಾರತದ ಸಂಚಿತ ನಿಧಿಯ ಮೇಲೆ ಹೊರಿಸಿದೆ. ಉಳಿದಂತೆ, ಪೊಲೀಸ್ ಕಾನ್‌ಸ್ಟೆಬಲ್‌ನಿಂದ ಇಲಾಖಾ ಕಾರ್ಯದರ್ಶಿಯವರೆಗೆ ಬಹುತೇಕ ಎಲ್ಲರ ಸಂಬಳವೂ ಸದನದ ಮತಕ್ಕೆ ಒಳಪಟ್ಟದ್ದು.

ಮತವೇ ಸಿಗದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಬರೀ ತರ್ಕದ್ದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಕ್ಟೋಬರ್ 1ರಂದು ಹಣಕಾಸು ವರ್ಷ ಶುರುವಾಗುತ್ತದೆ; ಅಷ್ಟರೊಳಗೆ ಅಲ್ಲಿನ ಕಾಂಗ್ರೆಸ್ ಧನವಿನಿಯೋಗಕ್ಕೆ ಒಪ್ಪದಿದ್ದರೆ, ಒಪ್ಪಿಗೆಯಿಲ್ಲದ ಇಲಾಖೆಗಳು ಹಣ ಖರ್ಚು ಮಾಡುವಂತಿಲ್ಲ. 2025ರಲ್ಲಿ ಹಾಗೆ ಆದಾಗ ಸರ್ಕಾರ 43 ದಿನ ಸ್ಥಗಿತಗೊಂಡಿತು. ಲಕ್ಷಾಂತರ ನೌಕರರು ಕಡ್ಡಾಯ ರಜೆಯ ಮೇಲೆ ಹೋದರೆ, ವಿಮಾನ ಸಂಚಾರ ನಿಯಂತ್ರಕರಂಥವರು ಸಂಬಳ ಕಾಣದೆ ಕೆಲಸ ಮಾಡಿದರು. ಸ್ಥಗಿತ ಮುಗಿದ ಮೇಲೆ ಬಾಕಿ ಸಂಬಳ ಕೊಡಬೇಕೆಂಬ ಕಾನೂನು ಅಲ್ಲಿ 2019ರಿಂದ ಇದೆಯಾದರೂ, ತಿಂಗಳ ಬಾಡಿಗೆ ಕಟ್ಟಬೇಕಾದ ಕುಟುಂಬಕ್ಕೆ ಆ ಭರವಸೆ ಕೂಡಲೇ ಒದಗುವುದಿಲ್ಲ. ಭಾರತದಲ್ಲಿ ಸರ್ಕಾರ ವಿಧಾನಸಭೆಯ ಬಹುಮತದ ಮೇಲೆಯೇ ನಿಂತಿರುವುದರಿಂದ ಇಂಥ ಬಿಕ್ಕಟ್ಟು ಹುಟ್ಟುವುದು ಕಷ್ಟ. ಅಲ್ಲದೆ 206ನೆಯ ವಿಧಿ ಲೇಖಾನುದಾನಕ್ಕೆ ಅವಕಾಶ ಕೊಟ್ಟಿದೆ. ಆಯವ್ಯಯದ ಪೂರ್ಣ ಚರ್ಚೆ ಮುಗಿಯುವವರೆಗೆ ಕೆಲವು ತಿಂಗಳ ವೆಚ್ಚಕ್ಕೆ ಸದನ ಮುಂಗಡವಾಗಿ ಕೊಡುವ ಒಪ್ಪಿಗೆಯೇ ಲೇಖಾನುದಾನ. 2018 ಮತ್ತು 2023ರಂತೆ ಫೆಬ್ರವರಿಯಲ್ಲಿ ಒಂದು ಸರ್ಕಾರದ ಆಯವ್ಯಯ, ಚುನಾವಣೆ ಕಳೆದು ಜುಲೈನಲ್ಲಿ ಇನ್ನೊಂದು ಸರ್ಕಾರದ ಆಯವ್ಯಯ ಮಂಡನೆಯಾಗುವ ವರ್ಷಗಳಲ್ಲಿ ಸಂಬಳ ತಪ್ಪದೆ ಸಿಗುವಂತೆ ನೋಡಿಕೊಳ್ಳುವುದು ಇಂಥ ಏರ್ಪಾಡೇ.

ಸದನ ಒಪ್ಪಿದ ಹಣ ಎಲ್ಲಿಗೆ ಹೋಯಿತೆಂದು ಗುರುತಿಸಲು ಲೆಕ್ಕ ಶೀರ್ಷಿಕೆಗಳೆಂಬ ಸಂಖ್ಯಾವ್ಯವಸ್ಥೆ ಇದೆ; ಅದರ ಸ್ವರೂಪವನ್ನು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ಸಲಹೆಯ ಮೇರೆಗೆ ರಾಷ್ಟ್ರಪತಿಗಳು ಗೊತ್ತುಪಡಿಸುತ್ತಾರೆ. ಪ್ರಧಾನ ಶೀರ್ಷಿಕೆ ನಾಲ್ಕು ಅಂಕಿಗಳದ್ದು: 2055 ಎಂದರೆ ಪೊಲೀಸ್, 2202 ಎಂದರೆ ಸಾಮಾನ್ಯ ಶಿಕ್ಷಣ, 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಮೊದಲ ಅಂಕಿ 2 ಅಥವಾ 3 ಇದ್ದರೆ ಅದು ದಿನನಿತ್ಯದ ರಾಜಸ್ವ ವೆಚ್ಚ; 4 ಅಥವಾ 5 ಇದ್ದರೆ ಆಸ್ತಿ ನಿರ್ಮಿಸುವ ಬಂಡವಾಳ ವೆಚ್ಚ. ಪ್ರಧಾನ ಶೀರ್ಷಿಕೆಯ ಕೆಳಗೆ ಹಂತಹಂತವಾಗಿ ಕಾರ್ಯಕ್ರಮ, ಯೋಜನೆ, ಉಪಯೋಜನೆಗಳ ಶೀರ್ಷಿಕೆಗಳಿದ್ದು, ಕಟ್ಟಕಡೆಗೆ ಬರುವ ಉದ್ದೇಶ ಶೀರ್ಷಿಕೆ ಹಣ ಯಾವ ರೂಪದಲ್ಲಿ ಖರ್ಚಾಯಿತೆಂದು ಹೇಳುತ್ತದೆ. ಕರ್ನಾಟಕದ ವಿವರವಾದ ಅಂದಾಜುಗಳಲ್ಲಿ ಅಧಿಕಾರಿಗಳ ವೇತನ, ಸಿಬ್ಬಂದಿಯ ವೇತನ, ತುಟ್ಟಿಭತ್ಯೆ, ಇತರ ಭತ್ಯೆಗಳು, ವೈದ್ಯಕೀಯ ಭತ್ಯೆ ಬೇರೆಬೇರೆ ಉದ್ದೇಶ ಶೀರ್ಷಿಕೆಗಳಾಗಿ ಕಾಣುವುದು ಈ ಮಟ್ಟದಲ್ಲಿ. ಹೀಗಾಗಿ ಒಂದು ಇಲಾಖೆಯ ಒಂದು ಕಾರ್ಯಕ್ರಮದಲ್ಲಿ ತುಟ್ಟಿಭತ್ಯೆಗೆ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು ಎಂಬುದನ್ನು ಯಾವ ಓದುಗರೂ ಹುಡುಕಿ ತೆಗೆಯಬಹುದು. ಇಷ್ಟು ಸೂಕ್ಷ್ಮವಾದ ಬೆಳಕು ಸರ್ಕಾರದ ಬೇರೆ ಯಾವ ವೆಚ್ಚದ ಮೇಲೂ ಬೀಳುವುದಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಪ್ರತಿ ತಿಂಗಳ ವೇತನ ಬಿಲ್ಲನ್ನು ಸಿದ್ಧಪಡಿಸುವ ಹೊಣೆ ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿಯದು. ಕಚೇರಿಗಳಲ್ಲಿ ಅವರನ್ನು ಡಿಡಿಓ ಎಂದೇ ಕರೆಯುವುದು ರೂಢಿ. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯಿಂದ ಹಿಡಿದು ರಾಜಧಾನಿಯ ನಿರ್ದೇಶನಾಲಯದವರೆಗೆ ಇಂಥ ಅಧಿಕಾರಿಗಳಿದ್ದಾರೆ. ಎಚ್‌ಆರ್‌ಎಂಎಸ್ ಎಂಬ ಸಿಬ್ಬಂದಿ ನಿರ್ವಹಣಾ ತಂತ್ರಾಂಶದಲ್ಲಿ ಸಿದ್ಧವಾದ ಬಿಲ್ಲು ಖಜಾನೆ-2 ಎಂಬ ಜಾಲದ ಮೂಲಕ ಖಜಾನೆಗೆ ಹೋಗುತ್ತದೆ. ಆಯಾ ಶೀರ್ಷಿಕೆಯಲ್ಲಿ ಹಣ ಉಳಿದಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಬಿಲ್ಲು ಪಾಸಾಗುತ್ತದೆ. ಕೆಲವೊಮ್ಮೆ ಶಿಕ್ಷಕರೋ ಆರೋಗ್ಯ ಸಿಬ್ಬಂದಿಯೋ ಎರಡು ಮೂರು ತಿಂಗಳಿಂದ ಸಂಬಳವಾಗಿಲ್ಲವೆಂದು ಹೇಳುವಾಗ ಅದಕ್ಕೆ ಸಿಗುವ ಉತ್ತರ ‘ಗ್ರಾಂಟ್ ಬಂದಿಲ್ಲ’ ಎಂಬುದು. ಸದನ ಹಣ ಒಪ್ಪಿಲ್ಲವೆಂದು ಇದರ ಅರ್ಥವಲ್ಲ. ಒಪ್ಪಿದ ಮೊತ್ತ ಇಲಾಖೆಯ ಮುಖ್ಯಸ್ಥರಿಂದ ಆ ಕಚೇರಿಯ ಪಾಲಿಗೆ ಹಂಚಿಕೆಯಾಗಿಲ್ಲ, ಅಥವಾ ಹಂಚಿಕೆಯಾದದ್ದು ತಪ್ಪು ಶೀರ್ಷಿಕೆಯಲ್ಲಿ ಕೂತಿದೆ ಎಂಬುದು ಬಹಳಷ್ಟು ಸಲ ನಿಜವಾದ ಕಾರಣ. ವಿಧಾನಸೌಧದಲ್ಲಿ ಸಿಕ್ಕ ಒಪ್ಪಿಗೆ ಮತ್ತು ತಾಲ್ಲೂಕು ಕಚೇರಿಯ ಪರದೆಯ ಮೇಲಿನ ಉಳಿಕೆ ಇವುಗಳ ನಡುವಿನ ಈ ದೂರವನ್ನು ಆಡಳಿತದ ಸಣ್ಣ ತೊಡಕೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಅದರ ಬಿಸಿ ತಟ್ಟುವುದು ಸಂಬಳವನ್ನೇ ನಂಬಿದ ಮನೆಗಳಿಗೆ.

ವೇತನ ಬಿಲ್ಲಿನಲ್ಲಿ ಕಡಿತಕ್ಕೆ ಮುಂಚಿನ ಒಟ್ಟು ಮೊತ್ತವೇ ಸರ್ಕಾರದ ವೆಚ್ಚವಾಗಿ ದಾಖಲಾಗುತ್ತದೆ. ನೌಕರರ ಕೈಗೆ ಬರುವ ಮೊತ್ತ ಅದಕ್ಕಿಂತ ಸಾಕಷ್ಟು ಕಡಿಮೆ. ಆದರೆ ಕಡಿತವಾದ ಹಣದ ಒಂದಷ್ಟು ಖಜಾನೆಯಿಂದ ಹೊರಗೇ ಹೋಗಿರುವುದಿಲ್ಲ. ಸಾಮಾನ್ಯ ಭವಿಷ್ಯ ನಿಧಿಯ ವಂತಿಗೆ ಮತ್ತು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಕಂತು ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಜಮೆಯಾಗುತ್ತವೆ. ಸರ್ಕಾರ ಬೇರೆಯವರ ಪರವಾಗಿ ಇಟ್ಟುಕೊಂಡಿರುವ, ಮುಂದೊಂದು ದಿನ ಹಿಂದಿರುಗಿಸಬೇಕಾದ ಹಣದ ಭಾಗವೇ ಸಾರ್ವಜನಿಕ ಲೆಕ್ಕ. ಹೀಗೆ ಇಂದು ಸಂಬಳದ ವೆಚ್ಚವೆಂದು ಬರೆದದ್ದರ ಒಂದು ಪಾಲು ಇಂದೇ ಸರ್ಕಾರದ ಋಣವಾಗಿಯೂ ದಾಖಲಾಗುತ್ತದೆ. ವೃತ್ತಿ ತೆರಿಗೆಯದು ಇನ್ನೂ ಕುತೂಹಲಕರ ಸಂಗತಿ. ಸಂವಿಧಾನದ 276ನೆಯ ವಿಧಿ ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿರುವ ಈ ತೆರಿಗೆ ರಾಜ್ಯದ ವರಮಾನವೇ ಆದ್ದರಿಂದ, ಸಂಬಳದಿಂದ ಕಡಿತವಾದ ಆ ಮೊತ್ತ ವೆಚ್ಚದ ಪುಟದಿಂದ ನೇರವಾಗಿ ವರಮಾನದ ಪುಟಕ್ಕೆ ದಾಟುತ್ತದೆ. ಆದಾಯ ತೆರಿಗೆ ಮಾತ್ರ ಕೇಂದ್ರಕ್ಕೆ ಹೋಗುತ್ತದೆ.

ಕಾಲದ ವಿಚಾರವೂ ಇಲ್ಲಿ ಮುಖ್ಯ. ಭಾರತದ ಸರ್ಕಾರಗಳು ಅನುಸರಿಸುವುದು ನಗದು ಆಧಾರದ ಲೆಕ್ಕಪದ್ಧತಿಯನ್ನು. ಅಂದರೆ ಕೆಲಸ ಯಾವಾಗ ನಡೆಯಿತೆಂಬುದು ಅಲ್ಲಿ ಗಣನೆಗೆ ಬಾರದು, ಹಣ ಯಾವಾಗ ಸಂದಾಯವಾಯಿತೆಂಬುದಷ್ಟೇ ದಾಖಲಾಗುತ್ತದೆ. ಕೇಂದ್ರ ಸರ್ಕಾರದಲ್ಲಿ ಬೇರೆ ತಿಂಗಳುಗಳ ಸಂಬಳ ಆಯಾ ತಿಂಗಳ ಕೊನೆಯ ಕೆಲಸದ ದಿನ ಸಂದಾಯವಾದರೆ, ಮಾರ್ಚ್ ತಿಂಗಳ ಸಂಬಳ ಮಾತ್ರ ಏಪ್ರಿಲ್‌ನ ಮೊದಲ ಕೆಲಸದ ದಿನ ಸಂದಾಯವಾಗುತ್ತದೆ. ಇದರಿಂದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಲೆಕ್ಕದಲ್ಲಿ ಇರುವುದು ಹಿಂದಿನ ಮಾರ್ಚ್‌ನಿಂದ ಫೆಬ್ರವರಿವರೆಗಿನ ಹನ್ನೆರಡು ತಿಂಗಳ ಸಂಬಳ. ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ 1ರಿಂದ ಅನ್ವಯವಾಗುವಂತೆ ಏರುವ ತುಟ್ಟಿಭತ್ಯೆಯ ಆದೇಶ ತಡವಾಗಿ ಬಂದಾಗಲೂ ಹೀಗೆಯೇ. ಆ ಅವಧಿಯ ಬಾಕಿ ಮುಂದಿನ ವರ್ಷದ ವೆಚ್ಚವಾಗಿ ಕಾಣಬಹುದು. ಒಂದು ವರ್ಷ ಸಂಬಳದ ವೆಚ್ಚ ಏಕಾಏಕಿ ಏರಿತೆಂದು ಬೊಬ್ಬೆ ಹಾಕುವ ಮುನ್ನ ಅದರಲ್ಲಿ ಹಿಂದಿನ ವರ್ಷಕ್ಕೆ ಸೇರಬೇಕಾದುದು ಎಷ್ಟು ಎಂದು ನೋಡುವುದು ಅಗತ್ಯ.

ಸಂಬಳವೆಂಬ ಹೆಸರಿಲ್ಲದೆ ದಾಖಲಾಗುವ ದುಡಿಮೆಯ ವೆಚ್ಚ ಇನ್ನೂ ದೊಡ್ಡ ವಿಷಯ. ಖಾಸಗಿ ಅನುದಾನಿತ ಶಾಲಾ ಕಾಲೇಜುಗಳ ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರವೇ; ಆದರೆ ಲೆಕ್ಕದಲ್ಲಿ ಅದು ಸಹಾಯಾನುದಾನ. ಜಿಲ್ಲಾ ಪಂಚಾಯತಿಗಳ ಅಧೀನದ ಶಾಲೆಗಳು ಮತ್ತು ಆರೋಗ್ಯ ಕೇಂದ್ರಗಳ ವೆಚ್ಚ, ಜಿಲ್ಲಾವಲಯದ ಹಂಚಿಕೆಯನ್ನು ತೋರಿಸುವ ಲಿಂಕ್ ದಾಖಲೆಯಲ್ಲಿ ಪ್ರತ್ಯೇಕವಾಗಿರುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಸಿಗುವುದು ಗೌರವಧನ ಅಥವಾ ಪ್ರೋತ್ಸಾಹಧನ. ಅವರು ದಿನವಿಡೀ ಮಾಡುವುದು ಸರ್ಕಾರದ ಕೆಲಸವೇ ಆದರೂ ವೇತನದ ಶೀರ್ಷಿಕೆಯಲ್ಲಿ ಅವರಿಗೆ ಸ್ಥಾನವಿಲ್ಲ. ಹೊರಗುತ್ತಿಗೆಯ ಗಣಕಯಂತ್ರ ನಿರ್ವಾಹಕರು, ಚಾಲಕರು, ಸ್ವಚ್ಛತಾ ಕೆಲಸಗಾರರು ಇವರ ದುಡಿಮೆಗೆ ಸರ್ಕಾರ ಹಣ ಕೊಡುವುದು ಏಜೆನ್ಸಿಗೆ. ಲೆಕ್ಕದ ದೃಷ್ಟಿಯಲ್ಲಿ ಅದು ಕೊಂಡ ಸೇವೆ. ಸಾರಿಗೆ ನಿಗಮಗಳ ಚಾಲಕ ನಿರ್ವಾಹಕರು ನಿಗಮದ ನೌಕರರಾದ್ದರಿಂದ ಅವರ ಸಂಬಳ ರಾಜ್ಯದ ಆಯವ್ಯಯದ ಹೊರಗೆ, ನಿಗಮದ ಸ್ವಂತ ಲೆಕ್ಕಗಳಲ್ಲಿ ಇದೆ. ಕರ್ನಾಟಕದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಎಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಸದನದಲ್ಲೂ ಹೊರಗೂ ಮತ್ತೆ ಮತ್ತೆ ಕೇಳಿಬಂದಿದೆ. ಆ ಖಾಲಿ ಜಾಗಗಳ ಕೆಲಸವನ್ನು ಒಂದಷ್ಟು ಮಟ್ಟಿಗೆ ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಗುತ್ತಿಗೆ ಸಿಬ್ಬಂದಿ ಮಾಡುತ್ತಿದ್ದಾರೆ. ಹುದ್ದೆ ತುಂಬದೆ ಹೊರಗುತ್ತಿಗೆಗೆ ಹೋದಾಗ ಸಂಬಳದ ಸಾಲು ಇಳಿಯುತ್ತದೆ, ಸೇವೆಗಳ ಸಾಲು ಏರುತ್ತದೆ. ಮೊದಲನೆಯದನ್ನಷ್ಟೇ ನೋಡಿದವರಿಗೆ ಸರ್ಕಾರ ಮಿತವ್ಯಯಿಯಾಗಿ ಕಾಣುತ್ತದೆ.

ಪಿಂಚಣಿಯದೂ ಹೀಗೆಯೇ ಮರೆಯಾದ ಲೆಕ್ಕ. ನಿವೃತ್ತ ಶಿಕ್ಷಕರ ಪಿಂಚಣಿ ಶಿಕ್ಷಣದ ವೆಚ್ಚದಲ್ಲಿ ಸೇರದೆ 2071 ಎಂಬ ಪ್ರತ್ಯೇಕ ಪ್ರಧಾನ ಶೀರ್ಷಿಕೆಯಲ್ಲಿ ದಾಖಲಾಗುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟವರು. ಅವರ ಸಂಬಳದ ಜೊತೆಜೊತೆಗೆ ಸರ್ಕಾರ ತಿಂಗಳು ತಿಂಗಳೂ ಕಟ್ಟುವ ತನ್ನ ಪಾಲಿನ ವಂತಿಗೆ ಕೂಡ ಇದೇ ಶೀರ್ಷಿಕೆಗೆ ಹೋಗುತ್ತದೆ. ಖಾಸಗಿ ಕಂಪನಿಯೊಂದು ಭವಿಷ್ಯ ನಿಧಿಗೆ ಕಟ್ಟುವ ತನ್ನ ಪಾಲನ್ನು ಸಿಬ್ಬಂದಿ ವೆಚ್ಚವೆಂದೇ ತೋರಿಸುವಾಗ, ಸರ್ಕಾರದಲ್ಲಿ ಅದು ಇಲಾಖೆಯ ಲೆಕ್ಕದಿಂದ ಬೇರ್ಪಡುವುದರಿಂದ ಒಬ್ಬ ವೈದ್ಯರನ್ನೋ ಪೊಲೀಸರನ್ನೋ ಸೇವೆಯಲ್ಲಿ ಇರಿಸಿಕೊಳ್ಳಲು ತಗಲುವ ನಿಜವಾದ ಖರ್ಚು ಆಯಾ ಇಲಾಖೆಯ ಪುಟದಲ್ಲಿ ಸಿಗುವುದಿಲ್ಲ. ಹಳೆಯ ಪಿಂಚಣಿ ಪದ್ಧತಿಯವರ ವಿಷಯದಲ್ಲಿ ಇದು ಇನ್ನೂ ತೀವ್ರ: ಅವರು ಈಗ ದುಡಿಯುತ್ತಿರುವಾಗಲೇ ಬೆಳೆಯುತ್ತಿರುವ ಪಿಂಚಣಿಯ ಬಾಧ್ಯತೆ ನಗದು ಲೆಕ್ಕದಲ್ಲಿ ವೆಚ್ಚವಾಗಿ ಕಾಣುವುದು ಅವರು ನಿವೃತ್ತರಾದ ಮೇಲಷ್ಟೇ.

ಸಂಬಳ, ಪಿಂಚಣಿ ಮತ್ತು ಬಡ್ಡಿ ಈ ಮೂರನ್ನು ಹಣಕಾಸು ಇಲಾಖೆಗಳು ಬದ್ಧ ವೆಚ್ಚವೆನ್ನುತ್ತವೆ. ಬೇಡವೆಂದರೂ ತಪ್ಪಿಸಲಾಗದ ವೆಚ್ಚ ಎಂದು ಅರ್ಥ. ಹಣಕಾಸು ಹೊಣೆಗಾರಿಕೆಯ ಅಧಿನಿಯಮವನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ಕರ್ನಾಟಕ. ಆಯವ್ಯಯದ ಜೊತೆ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಈ ಬದ್ಧ ವೆಚ್ಚದ ಚರ್ಚೆ ಬರುತ್ತದೆ. 2025-26ರ 4,09,549 ಕೋಟಿ ರೂಪಾಯಿಗಳ ಆಯವ್ಯಯದಲ್ಲಿ 19,262 ಕೋಟಿಗಳ ರಾಜಸ್ವ ಕೊರತೆಯನ್ನು ಅಂದಾಜಿಸಲಾಗಿತ್ತು. ದಿನನಿತ್ಯದ ಖರ್ಚಿಗೂ ಸಾಲ ಎತ್ತಬೇಕಾದ ಸ್ಥಿತಿಯನ್ನು ರಾಜಸ್ವ ಕೊರತೆ ಎನ್ನುತ್ತಾರೆ. ಇಂಥ ಸ್ಥಿತಿಯಲ್ಲಿ ಸಂಬಳದ ಮೇಲೆಯೇ ಎಲ್ಲರ ಕಣ್ಣು ಬೀಳುವುದು ಸಹಜವಾದರೂ, ಶಾಲೆಗೆ ಶಿಕ್ಷಕರೇ, ಆಸ್ಪತ್ರೆಗೆ ದಾದಿಯರೇ ಮುಖ್ಯ ಬಂಡವಾಳ ಎಂಬುದನ್ನು ಮರೆತು ಸಂಬಳವನ್ನು ಅನುತ್ಪಾದಕ ವೆಚ್ಚವೆಂದು ಕರೆಯುವ ಅಭ್ಯಾಸ ಹಾನಿಕರ. 2017-18ರಿಂದ ರದ್ದಾದ ಯೋಜನೆ ಮತ್ತು ಯೋಜನೇತರ ಎಂಬ ಹಳೆಯ ವಿಂಗಡಣೆ ಆ ಭಾವನೆಯನ್ನು ದಶಕಗಳ ಕಾಲ ಬೆಳೆಸಿತು: ಆಸ್ಪತ್ರೆಯ ಕಟ್ಟಡ ಯೋಜನೆಯೆನಿಸಿ ಗೌರವ ಪಡೆಯಿತು, ಅದರೊಳಗೆ ರಾತ್ರಿ ಪಾಳಿ ಮಾಡುವವರ ಸಂಬಳ ಯೋಜನೇತರವೆನಿಸಿ ಕತ್ತರಿಗೆ ಕಾದು ಕುಳಿತಿತು.

ವರ್ಷ ಮುಗಿದ ಮೇಲೆ ಲೆಕ್ಕ ಒಪ್ಪಿಸುವ ಘಟ್ಟ ಬರುತ್ತದೆ. ಖಜಾನೆಗಳಿಂದ ತಿಂಗಳು ತಿಂಗಳೂ ಬಂದ ಲೆಕ್ಕಗಳನ್ನು ರಾಜ್ಯದ ಮಹಾಲೇಖಪಾಲರ ಕಚೇರಿ ಕ್ರೋಡೀಕರಿಸುತ್ತದೆ. ಇಲಾಖೆಯ ಅಧಿಕಾರಿಗಳು ತಮ್ಮ ಅಂಕಿಗಳನ್ನು ಅದರೊಂದಿಗೆ ತಾಳೆ ನೋಡಬೇಕು. ಕೊನೆಗೆ ಎರಡು ಗ್ರಂಥಗಳು ಸಿದ್ಧವಾಗುತ್ತವೆ. ಹಣಕಾಸು ಲೆಕ್ಕಗಳು ರಾಜ್ಯದ ಒಟ್ಟು ಸ್ವೀಕೃತಿ, ವೆಚ್ಚ, ಸಾಲಗಳನ್ನು ತೋರಿಸಿದರೆ, ಧನವಿನಿಯೋಗ ಲೆಕ್ಕಗಳು ಪ್ರತಿ ಬೇಡಿಕೆಯಡಿ ಸದನ ಒಪ್ಪಿದ್ದು ಎಷ್ಟು, ಪೂರಕ ಅಂದಾಜಿನಲ್ಲಿ ಸೇರಿಸಿದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂದು ಎದುರುಬದುರು ಇಟ್ಟು ತೋರಿಸುತ್ತವೆ. ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ವರದಿಗಳು 151ನೆಯ ವಿಧಿಯಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತವೆ. ಸಂವಿಧಾನ ರಚನಾ ಸಭೆಯಲ್ಲಿ ಈ ಹುದ್ದೆಯ ಚರ್ಚೆ ನಡೆದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಸಂವಿಧಾನದಲ್ಲಿ ಬಹುಶಃ ಅತ್ಯಂತ ಮಹತ್ವದ ಅಧಿಕಾರಸ್ಥಾನವೆಂದು ಪರಿಗಣಿಸಿದ್ದರು. ಸದನ ಒಪ್ಪಿದ ಹಣದ ಲೆಕ್ಕ ಮರಳಿ ಸದನಕ್ಕೇ ಬರಬೇಕೆಂಬ ಈ ಕ್ರಮದ ಬೇರು ಬ್ರಿಟನ್ನಿನಲ್ಲಿದೆ. ಗ್ಲಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ ಅಲ್ಲಿ 1861ರಲ್ಲಿ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಹುಟ್ಟಿತು, 1866ರಲ್ಲಿ ಲೆಕ್ಕ ಪರಿಶೋಧನೆಯ ಕಾನೂನು ಬಂತು.

ಒಪ್ಪಿದ್ದಕ್ಕಿಂತ ಹೆಚ್ಚು ಖರ್ಚಾದರೆ ಅದು ಸದನದ ಅಧಿಕಾರದ ಉಲ್ಲಂಘನೆ. 205ನೆಯ ವಿಧಿಯಂತೆ ಅದನ್ನು ಮತ್ತೆ ಸದನದ ಮುಂದಿಟ್ಟು ಸಕ್ರಮಗೊಳಿಸಿಕೊಳ್ಳಬೇಕು. ಒಂದೇ ಬೇಡಿಕೆಯೊಳಗೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಬದಲಾಯಿಸುವ ಪುನರ್ವಿನಿಯೋಗಕ್ಕೆ ಅವಕಾಶವಿದೆಯಾದರೂ, ರಾಜಸ್ವದಿಂದ ಬಂಡವಾಳಕ್ಕೋ ಪುರಸ್ಕೃತದಿಂದ ಪ್ರಭೃತಕ್ಕೋ ಹಾಗೆ ದಾಟಿಸುವಂತಿಲ್ಲ. ಒಪ್ಪಿದ ಮೊತ್ತ ಮತ್ತು ಖರ್ಚಾದ ಮೊತ್ತದ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ಆಗುವ ಅನಾಹುತಕ್ಕೆ ಅವಿಭಜಿತ ಬಿಹಾರದ ಮೇವು ಹಗರಣವೇ ದೊಡ್ಡ ಸಾಕ್ಷಿ. ಪಶುಸಂಗೋಪನೆ ಇಲಾಖೆಗೆ ಸದನ ಒಪ್ಪಿದ ಮೊತ್ತಕ್ಕಿಂತ ಬಹಳ ಹೆಚ್ಚು ಹಣ ಖೊಟ್ಟಿ ಬಿಲ್ಲುಗಳ ಮೇಲೆ ಖಜಾನೆಗಳಿಂದ ವರ್ಷಗಟ್ಟಲೆ ಹೊರಹೋಗುತ್ತಿದ್ದುದು, 1996ರ ಜನವರಿಯಲ್ಲಿ ಚಾಯಿಬಾಸಾದಲ್ಲಿ ತಪಾಸಣೆ ನಡೆದಾಗ ಬಯಲಿಗೆ ಬಂತು. ಒಪ್ಪಿಗೆಯ ಅಂಕಿಯನ್ನೂ ಖರ್ಚಿನ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಓದಿದ ಯಾರಿಗಾದರೂ ಅದು ಕಾಣಬಹುದಾಗಿತ್ತು.

ಸಂಬಳದ ವಿಷಯದಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ವಿರುದ್ಧವಾದ ಸ್ಥಿತಿ, ಅಂದರೆ ಉಳಿತಾಯ. ಇಲಾಖೆಗಳು ಅಂದಾಜು ಸಿದ್ಧಪಡಿಸುವಾಗ ಈಗಿರುವ ಸಿಬ್ಬಂದಿಯ ಜೊತೆಗೆ ವರ್ಷದಲ್ಲಿ ತುಂಬಬಹುದಾದ ಹುದ್ದೆಗಳಿಗೂ ಹಣ ಕೇಳುತ್ತವೆ. ನೇಮಕಾತಿ ಅಧಿಸೂಚನೆ, ಪರೀಕ್ಷೆ, ತಕರಾರು, ನ್ಯಾಯಾಲಯದ ತಡೆಯಾಜ್ಞೆ ಎನ್ನುತ್ತಾ ವರ್ಷ ಕಳೆಯುತ್ತದೆ. ಮಾರ್ಚ್ ಕೊನೆಯಲ್ಲಿ ಉಳಿದ ಹಣವನ್ನು ಹಣಕಾಸು ಇಲಾಖೆಗೆ ಮರಳಿಸಲಾಗುತ್ತದೆ, ಮರಳಿಸದಿದ್ದುದು ತಾನಾಗಿಯೇ ರದ್ದಾಗುತ್ತದೆ. ಧನವಿನಿಯೋಗ ಲೆಕ್ಕಗಳಲ್ಲಿ ಇಂಥ ವ್ಯತ್ಯಾಸಕ್ಕೆ ಕೊಡುವ ಕಾರಣ ಬಹಳ ಸಲ ‘ಹುದ್ದೆಗಳು ಖಾಲಿ ಇದ್ದುದರಿಂದ’ ಎಂಬ ಒಂದೇ ವಾಕ್ಯ. ಲೆಕ್ಕಶಾಸ್ತ್ರಕ್ಕೆ ಅದು ಉಳಿತಾಯ. ಆ ಹುದ್ದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದ್ದಾಗಿದ್ದರೆ, ಅಲ್ಲಿ ಸಾಲುಗಟ್ಟಿದ ರೋಗಿಗಳ ಪಾಲಿಗೆ ಅದು ಸಿಗಬೇಕಾಗಿದ್ದು ಸಿಗದೆ ಹೋದ ಸೇವೆ. ಸದನ ಒಪ್ಪಿಗೆ ಕೊಟ್ಟದ್ದು ಹಣಕ್ಕಷ್ಟೇ ಅಲ್ಲ, ಆ ಹಣದಿಂದ ನಡೆಯಬೇಕಾದ ಕೆಲಸಕ್ಕೂ ಹೌದೆಂದು ಒಪ್ಪುವುದಾದರೆ, ಮಿತಿಮೀರಿದ ಖರ್ಚಿಗೆ ವಿವರಣೆ ಕೇಳುವಷ್ಟೇ ಬಿರುಸಿನಿಂದ ಇಂಥ ಉಳಿತಾಯಕ್ಕೂ ವಿವರಣೆ ಕೇಳಬೇಕಾಗುತ್ತದೆ. ಬೇಡಿಕೆಗಳ ಮೇಲೆ ಮತ ಕೇಳುವ ದಿನಗಳಲ್ಲಿ ಕಾಲಾವಕಾಶವಿಲ್ಲವೆಂದು ಹಲವು ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕರಿಸುವ ರೂಢಿ ಇರುವುದರಿಂದ, ಈ ಪ್ರಶ್ನೆ ಕೇಳಲು ಉಳಿಯುವ ನಿಜವಾದ ವೇದಿಕೆ, ಸದನಕ್ಕೆ ಬಂದ ಈ ಲೆಕ್ಕ ಮತ್ತು ವರದಿಗಳನ್ನು ಪರಿಶೀಲಿಸುವ ರಾಜ್ಯದ ಶಾಸಕರ ಸಮಿತಿಯಾದ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯೇ.

ಓದುಗರಿಗೆ ಈ ದಾಖಲೆಗಳು ದೂರದವೇನಲ್ಲ. ರಾಜ್ಯಗಳ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳ ಮಾಸಿಕ ಅಂಕಿಗಳನ್ನು ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ಸಂಸ್ಥೆ ಪ್ರಕಟಿಸುತ್ತದೆ. ಹಣಕಾಸು ಲೆಕ್ಕಗಳ ಎರಡನೆಯ ಸಂಪುಟದ ಮೊದಲ ಅನುಬಂಧವೇ ಸಂಬಳದ ವೆಚ್ಚವನ್ನು ಹಿಂದಿನ ವರ್ಷದೊಡನೆ ಹೋಲಿಸಿ ತೋರಿಸುವ ಪಟ್ಟಿ. ಕೇಂದ್ರದ ಆಯವ್ಯಯದ ಜೊತೆ ಬರುವ ವೆಚ್ಚ ವಿವರಗಳಲ್ಲಿ ಸಚಿವಾಲಯವಾರು ಸಿಬ್ಬಂದಿಯ ಸಂಖ್ಯೆ ಮತ್ತು ಅವರಿಗಾಗಿ ಇಟ್ಟ ಹಣ ಒಂದೇ ಪಟ್ಟಿಯಲ್ಲಿ ಸಿಗುತ್ತದೆ, ಅದು ಒಳ್ಳೆಯ ಮಾದರಿ. ರಾಜ್ಯದ ಸಂಬಳದ ಅನುಬಂಧದ ಪ್ರತಿ ಸಾಲಿನ ಎದುರಿಗೂ ಮಂಜೂರಾದ ಹುದ್ದೆ, ತುಂಬಿದ ಹುದ್ದೆ, ಅದೇ ಇಲಾಖೆಯಲ್ಲಿ ಗೌರವಧನ, ಗುತ್ತಿಗೆ ಮತ್ತು ಹೊರಗುತ್ತಿಗೆಯ ಮೇಲೆ ದುಡಿಯುತ್ತಿರುವವರ ಸಂಖ್ಯೆ ಮತ್ತು ಅವರಿಗಾಗಿ ಹೋದ ಹಣ, ಜೊತೆಗೆ ಪಿಂಚಣಿ ಶೀರ್ಷಿಕೆಗೆ ಹೋದ ಸರ್ಕಾರದ ವಂತಿಗೆ ಇಷ್ಟನ್ನು ಸೇರಿಸಲು ಹೊಸ ಕಾನೂನು ಬೇಕಿಲ್ಲ. ಕಾಯಂ ನೌಕರರ ವಿವರ ಎಚ್‌ಆರ್‌ಎಂಎಸ್‌ನಲ್ಲಿದೆ, ಪಾವತಿಯ ವಿವರ ಖಜಾನೆ-2ರಲ್ಲಿದೆ, ಗುತ್ತಿಗೆಯ ವಿವರ ಕಾರ್ಯಾದೇಶ ಹೊರಡಿಸಿದ ಆಯಾ ಕಚೇರಿಯ ಕಡತದಲ್ಲಿದೆ. ಇವುಗಳನ್ನು ಒಂದೇ ಪುಟಕ್ಕೆ ತರುವಂತೆ ಹಣಕಾಸು ಇಲಾಖೆಯನ್ನು ಕೇಳುವ ಅಧಿಕಾರ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಗೆ ಈಗಲೇ ಇದೆ.